ಅಂಕೋಲೆಯಿಂದ ಜೋಯಿಡಾಕ್ಕೆ, ವಯಾ ಗೋವಾ

ಬೆಂಗಳೂರಿನವರು ಹಸಿರು ನೋಡಲೆಂದು ದುಡ್ಡು ಕೊಟ್ಟು ಕಾರವಾರಕ್ಕೆ ಬರುತ್ತಾರೆ. 2021ರಲ್ಲಿ ಯಶವಂತಪುರ–ಕಾರವಾರ ರೈಲಿಗೆ ವಿಸ್ಟಾಡೋಮ್ ಬೋಗಿ ಸೇರಿದ ಮೇಲಂತೂ ತಲೆಯ ಮೇಲೂ ಗಾಜು. ಆಕಾಶವನ್ನೂ ಟಿಕೆಟ್ಟಿಗೆ ಸೇರಿಸಿ ಮಾರಿದರು. ಆದರೆ ಹಸಿರಿನಲ್ಲೇ ಹುಟ್ಟಿ, ಮಳೆಗಾಲವಿಡೀ ಅಂಗಳದ ಪಾಚಿ ತಿಕ್ಕಿ ಸೊಂಟ ಹಿಡಿಸಿಕೊಳ್ಳುವ ನಾವು ಹಸಿರು ನೋಡಲು ಎಲ್ಲಿಗೆ ಹೋಗಬೇಕು? ನಮ್ಮ ಸಣ್ಣಮಾವನ ಪ್ರಕಾರ, ಗೋವಾಕ್ಕೆ.

"ದೂಧಸಾಗರ ನೋಡ್ದೇ ಸತ್ರೆ ಅದೆಂತಾ ಜನ್ಮ, ತಮಾ?" ಎಂದು ಶ್ರಾವಣದಲ್ಲಿ ರಾಗ ತೆಗೆದ. ಮೊಲ್ಲೆಂ ರಾಷ್ಟ್ರೀಯ ಉದ್ಯಾನವಂತೆ, ಅದರೊಳಗೆ ಘಟ್ಟವಂತೆ, ಘಟ್ಟದ ಮೇಲೆ ರೈಲಂತೆ, ರೈಲಿನ ಪಕ್ಕಕ್ಕೇ 310 ಮೀಟರ್ ಎತ್ತರದಿಂದ ನೀರು ಬೀಳುತ್ತದಂತೆ. ಅಣಶಿಯೂ ರಾಷ್ಟ್ರೀಯ ಉದ್ಯಾನವೇ, ಕದ್ರಾ ದಾಟಿ ಘಟ್ಟ ಹತ್ತಿದರಾಯಿತು, ಅಲ್ಲಿಗೇ ಹೋಗೋಣ ಮಾವಾ ಎಂದೆ. "ಅಲ್ಲಿ ರೈಲ್ ಎಲ್ಲದೆ?" ಎಂದ. ಅಲ್ಲಿಗೆ ಚರ್ಚೆ ಮುಗಿಯಿತು.

ರೈಲಿನ ಮಟ್ಟಿಗೆ ಅಂಕೋಲೆಯವರಾದ ನಮ್ಮದು ಹಳೆಯ ಸಂಕಟ. ಕಾರವಾರ ಬಂದರಿನಿಂದ ಹುಬ್ಬಳ್ಳಿಗೆ ಹಳಿ ಹಾಕುವ ಮಾತು ಬ್ರಿಟಿಷರ ಕಾಲದಲ್ಲೇ ಎದ್ದಿತ್ತು. ಕೊನೆಗೆ ಹಳಿ ಬಿದ್ದದ್ದು ಗೋವಾದ ಮುರಗಾವಿಗೆ. ಹುಬ್ಬಳ್ಳಿ–ಅಂಕೋಲಾ ಮಾರ್ಗಕ್ಕೆ ವಾಜಪೇಯಿ ಪ್ರಧಾನಿಯಾಗಿದ್ದಾಗ ಶಂಕುಸ್ಥಾಪನೆಯಾಯಿತು. ಕಾಡು ಕಡಿಯುವ ತಕರಾರಿನಲ್ಲಿ ಅದು ಇನ್ನೂ ಶಂಕೆಯಾಗಿಯೇ ಉಳಿದಿದೆ. ಮೊಲ್ಲೆಂ ಕಾಡಿನಲ್ಲಿ ಎರಡನೇ ಹಳಿ ಬೇಡವೆಂದು ಗೋವಾದವರು ಸುಪ್ರೀಂ ಕೋರ್ಟಿನ ತನಕ ಹೋದರು; ನಮ್ಮ ಘಟ್ಟದಲ್ಲಿ ಮೊದಲನೆಯದೇ ಬರಲಿಲ್ಲ. ಕಾಡು ಉಳಿಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಮಾವನೆದುರು ಅದನ್ನು ಹೇಳಲು ಮಾತ್ರ ಧೈರ್ಯವಿಲ್ಲ.

ಅಂಕೋಲೆಯಲ್ಲಿ ನಾವು ಹತ್ತಿದ್ದು ಕರಾವಳಿಯ ಕೊಂಕಣ ರೈಲು; ಆ ಮಾರ್ಗ ಪೂರ್ತಿಯಾಗಿ ಶುರುವಾದದ್ದು 1998ರಲ್ಲಿ. ಹಾರವಾಡ ದಾಟಿದ ಮೇಲೆ ಸಿಗುವ ಸುಮಾರು 3 ಕಿಲೋಮೀಟರ್ ಉದ್ದದ ಸುರಂಗವೆಂದರೆ ಮಾವನಿಗೆ ಇವತ್ತಿಗೂ ಸಂಭ್ರಮ. ಬೋಗಿ ಕತ್ತಲಾದ ಕೂಡಲೇ ಗಂಟಲು ಸರಿಮಾಡಿಕೊಂಡು "ಹೋ" ಎಂದು ಕೂಗಿದ. ಹಿಂದಿನ ಸೀಟಿನಿಂದ ಯಾವುದೋ ಮಗು "ಹೋ" ಎಂದಿತು. ಶಿರವಾಡದ ನಿಲ್ದಾಣ ಬರುವಷ್ಟರಲ್ಲಿ ಇಬ್ಬರಿಗೂ ಗಾಢ ಸ್ನೇಹ. ಮುಂದೆ ಕಾಳಿ ಸೇತುವೆ, ಕಾಣಕೋಣ, ಮಡಗಾಂವ್. ಅಲ್ಲಿ ಇಳಿದು ಘಟ್ಟ ಹತ್ತುವ ರೈಲು ಹಿಡಿದೆವು.

ಕುಳೆಂ ನಿಲ್ದಾಣದಲ್ಲಿ ರೈಲು ನಿಂತಿತು. ಮುಂದೆ 1:37ರ ಏರು. ಅಂದರೆ 37 ಮೀಟರ್ ಹೋದರೆ 1 ಮೀಟರ್ ಮೇಲೆ. ಕಾಲಿಗೆ ಇದು ಏನೂ ಅಲ್ಲ, ರೈಲಿಗೆ ಬಹಳವಾಯಿತು. ಹಾಗಾಗಿ ಹಿಂದಿನಿಂದ ನೂಕಲು ಬೇರೆ ಎಂಜಿನ್ ತಂದು ಕಟ್ಟುತ್ತಾರೆ. ಮಾವ ಇಳಿದು ಹೋಗಿ ಎಂಜಿನ್ ಕಟ್ಟುವುದನ್ನು ನೋಡಿಬಂದ. ಬರುವಾಗ ಇನ್ನೊಂದು ಸುದ್ದಿ ತಂದ: 2023ರಲ್ಲಿ ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೊರಟವರಿಗೆ ಪೊಲೀಸರು ಬಸ್ಕಿ ಹೊಡೆಸಿದರಂತೆ. "ಹಿರಿಯ ನಾಗರಿಕರಿಗೆ ಟಿಕೆಟ್ಟಿನ ರಿಯಾಯಿತಿ ಅಂತೂ ತೆಗ್ದ್ರು, ಬಸ್ಕಿಯಲ್ಲಾದ್ರೂ ಅದೆಯೋ?" ಎಂದು ಮಂಡಿ ನೀವಿಕೊಂಡ.

ಅವನು ಸುದ್ದಿ ತರುವಷ್ಟರಲ್ಲಿ ಕಿಟಕಿ ಕೈತಪ್ಪಿತ್ತು. ವಾಸ್ಕೋದಿಂದ ಹುಬ್ಬಳ್ಳಿಯ ತವರಿಗೆ ಹೊರಟ ಒಬ್ಬಳು ಬಾಣಂತಿ, ಮಡಿಲಲ್ಲಿ ಕೂಸು, ಅಲ್ಲಿ ಕುಳಿತಿದ್ದಳು. ಸೋನಾವಳಿ ದಾಟುತ್ತಲೇ ಎರಚಲು ಹೊಡೆಯಿತು. ಆಕೆ ತಗಡಿನ ಶಟರನ್ನು ಧಡ್ ಎಂದು ಎಳೆದಳು. ಹೊರಗೆ ಎಲ್ಲ ಬೋಗಿಗಳಿಂದಲೂ ಕೇಕೆ, ಶಿಳ್ಳೆ. ನಮ್ಮ ಮುಂದೆ ತಗಡು.

"ತಂಗೀ, ಸ್ವಲ್ಪ ಎತ್ತೇ, ಜಲಪಾತ" ಎಂದ ಮಾವ.

"ಕೂಸಿಗೆ ಥಂಡಿ ಆಕ್ಕೈತ್ರೀ, ಕಾಕಾ. ಅದರಾಗೇನೈತಿ, ನೀರ್ ಬೀಳ್ತಾವ."

ವರ್ಷಕ್ಕೆ ನಾಲ್ಕು ಸಲ ತವರಿಗೆ ಹೋಗಿಬರುವವಳಿಗೆ ದೂಧಸಾಗರವೆಂದರೆ ಶೀತದ ಒಂದು ಮೂಲ, ಅಷ್ಟೇ. ನನಗೆ ಅದೂ ನ್ಯಾಯವೆನಿಸಿತು. ಮಾವ ಬಿಡಬೇಕಲ್ಲ, ಡಬ್ಬಿ ಬಿಚ್ಚಿ, ನನ್ನ ಹೆಂಡತಿ ನಸುಕಿಗೆದ್ದು ಕರಿದ ಬನ್ಸನ್ನು ಮುಂದೆ ಹಿಡಿದ. ಒಂದು ತಿಂದಳು, ಬಾಳೆಹಣ್ಣು ಹಾಕೀರೇನು ಎಂದು ಕೇಳಿದಳು. ಎರಡನೆಯದಕ್ಕೆ ಕೂಸಿನ ಕಿವಿಗೆ ಸೆರಗು ಮುಚ್ಚಿ ಶಟರನ್ನು ನಾಲ್ಕು ಬೆರಳು ಎತ್ತಿದಳು. ಮಾವ ಕುತ್ತಿಗೆ ಅಡ್ಡ ಮಾಡಿ, ಕೆನ್ನೆಯನ್ನು ಕಿಟಕಿಯ ದಂಡೆಗೆ ಒತ್ತಿ ನೋಡಿದ. 310 ಮೀಟರಿನಲ್ಲಿ ಅವನ ಪಾಲಿಗೆ ಸಿಕ್ಕಿದ್ದು ಬುಡದ ನೊರೆ. ಮುಖವೆಲ್ಲ ಒದ್ದೆ ಮಾಡಿಕೊಂಡು "ಭಯಂಕರ!" ಎಂದ.

ಕಾರಂಜೋಳ ದಾಟಿ ಕ್ಯಾಸಲ್ ರಾಕ್‌ನಲ್ಲಿ ಇಳಿದೆವು. ಗೋವಾ ಪೋರ್ಚುಗೀಸರದ್ದಾಗಿದ್ದಾಗ ಗಡಿಯ ಕಸ್ಟಮ್ಸ್ ತಪಾಸಣೆ ನಡೆಯುತ್ತಿದ್ದ ನಿಲ್ದಾಣ. ಈಗ ಮಂಜು, ಮಂಗ, ಚಹಾ. ಹೊರಗಿನ ಗೂಡಂಗಡಿಯವ ಎಲ್ಲಿಂದ ಬಂದ್ರಿ ಎಂದು ಕೇಳಿದ. ಅಂಕೋಲೆ ಎಂದೆ.

"ಓಹೋ, ನಮ್ಮ ಜಿಲ್ಲೆಯವರೇ! ಜೋಯಿಡಾ ಮೇಲೆ ಬಂದ್ರಾ?"

ಕ್ಯಾಸಲ್ ರಾಕ್ ಇರುವುದು ಜೋಯಿಡಾ ತಾಲೂಕಿನಲ್ಲಿ, ಉತ್ತರ ಕನ್ನಡ ಜಿಲ್ಲೆಯಲ್ಲಿ. ರಾಜ್ಯ ಬಿಟ್ಟು, ಗೋವಾ ಸುತ್ತಿ, ಎರಡು ರೈಲು ಹಿಡಿದು, ಘಟ್ಟ ಹತ್ತಿ ನಾವು ಬಂದು ಸೇರಿದ್ದು ನಮ್ಮ ಜಿಲ್ಲೆಗೇ. ಗೋವಾ ಮೇಲೆ ಬಂದೆವು ಎಂದಾಗ ಅವನು ಸೋಸುತ್ತಿದ್ದ ಚಹಾ ನಿಲ್ಲಿಸಿ ನಮ್ಮನ್ನು ಒಮ್ಮೆ ನೋಡಿದ. "ಹೋಗೋದಾದ್ರೂ ಅಣಶಿ ಮೇಲೆ ಹೋಗ್ರಲ್ಲ. ಹತ್ರ."

"ಇಲ್ಲ ಮಾರಾಯಾ, ರಿಟರ್ನ್ ಟಿಕೆಟ್ ತೆಗ್ದಾಗಿದೆ" ಎಂದ ಮಾವ. ನಾನು ಡಬ್ಬಿಗೆ ಕೈಹಾಕಿದರೆ ಫಟ್ಟನೆ ಹೊಡೆದು ಮುಚ್ಚಳ ಬಿಗಿಮಾಡಿದ. "ಮುಟ್ಬೇಡ. ಇಳಿವಾಗ ಕಿಟಕಿ ಯಾರದ್ದಿರ್ತದೋ ಏನೋ."