ನಾನೂರು ಕಿಲೋಮೀಟರ್ ಆಚೆಯ ನಲ್ಲಿ

ಹುಷಾರಿನ ಮನುಷ್ಯರಲ್ಲಿ ಎರಡು ಜಾತಿ. ಮಳೆ ಬಂದೀತೆಂದು ಕೊಡೆ ಹಿಡಿದು ಹೊರಡುವವರು ಒಂದು, ಮಳೆ ಬಂದೀತೆಂದು ಹೊರಡದೇ ಇರುವವರು ಇನ್ನೊಂದು. ನಾನು ಎರಡನೆಯ ಜಾತಿಯವನು. ಷೇರುಪೇಟೆ ಬಿತ್ತೆಂದು ಪತ್ರಿಕೆಯಲ್ಲಿ ಓದಿದರೆ, ಹಾಕದೇ ಇರುವ ದುಡ್ಡಿಗೂ ನನ್ನ ಎದೆ ಹೊಡೆದುಕೊಳ್ಳುತ್ತದೆ. ಚಿನ್ನ ಕೊಂಡರೆ ಕಳ್ಳರ ಭಯ, ಸೈಟು ಕೊಂಡರೆ ಬೇಲಿ ಕೀಳುವವರ ಭಯ. ಇಂಥವನು ಇದ್ದ ಬೆಂಗಳೂರು ಬಿಟ್ಟು, ನಾನೂರು ಚಿಲ್ಲರೆ ಕಿಲೋಮೀಟರ್ ಆಚೆಯ ಧಾರವಾಡದಲ್ಲಿ ಬಾಡಿಗೆಗೆ ಕೊಡಲೆಂದೇ ಒಂದು ಫ್ಲ್ಯಾಟ್ ಕೊಳ್ಳುತ್ತಾನೆಂದರೆ ನಂಬಲು ನನ್ನ ಮಾವನವರೂ ತಯಾರಿರಲಿಲ್ಲ.

ಕಾರಣವೇನೂ ಗುಟ್ಟಲ್ಲ. ನನ್ನ ಉಳಿತಾಯಕ್ಕೆ ಬೆಂಗಳೂರಿನಲ್ಲಿ ದಕ್ಕುವುದು ಹೆಚ್ಚೆಂದರೆ ಕಾರು ನಿಲ್ಲಿಸುವ ಜಾಗ. ಧಾರವಾಡದಲ್ಲಾದರೋ ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, 2008ರಿಂದ ಹೈಕೋರ್ಟ್ ಪೀಠ, 2016ರಿಂದ ಐಐಟಿ. ಸಪ್ತಾಪುರದ ಕಡೆ ಹೊರಳಿದರೆ ಓಣಿ ತುಂಬ ಕೋಚಿಂಗ್ ಕ್ಲಾಸು. ಅಧ್ಯಾಪಕರು, ವಕೀಲರು, ಬ್ಯಾಂಕಿನವರು, ಕೆಎಎಸ್ ಕನಸಿನವರು ಹೀಗೆ ಬಾಡಿಗೆದಾರರಿಗೆ ಬರವಿಲ್ಲದ ಊರು. 2023ರ ಜೂನ್‌ನಲ್ಲಿ ವಂದೇ ಭಾರತ್ ರೈಲು ಬಂದ ಮೇಲಂತೂ ಬೆಳಗಿನ ಜಾವ ಬೆಂಗಳೂರಿನಲ್ಲಿ ಹತ್ತಿದರೆ ಮಧ್ಯಾಹ್ನದ ರೊಟ್ಟಿ ಊಟಕ್ಕೆ ಧಾರವಾಡ.

ಹುಷಾರಿನವನ ಮೊದಲ ಆಯುಧ ಎಕ್ಸೆಲ್ ಹಾಳೆ. ಮನೆಯ ಬೆಲೆ 38 ಲಕ್ಷ, ತಿಂಗಳ ಬಾಡಿಗೆ 11,000. ವರ್ಷಕ್ಕೆ 1.32 ಲಕ್ಷ, ಅಂದರೆ ಶೇ 3.5ಕ್ಕೆ ಒಂದೆಳೆ ಕಡಿಮೆ. ವರ್ಷದಲ್ಲಿ ಒಂದು ತಿಂಗಳು ಮನೆ ಖಾಲಿ, ಮನೆ ಕಂದಾಯ, ಸಣ್ಣಪುಟ್ಟ ರಿಪೇರಿ ಎಂದು ಕಳೆಯುತ್ತ ಹೋದರೆ ಉಳಿಯುವುದು ಶೇ 2.75. ನಮ್ಮ ದೇಶದ ಊರುಗಳಲ್ಲಿ ವಾಸದ ಮನೆಯ ಬಾಡಿಗೆ ಹುಟ್ಟುವಳಿ ಸಾಮಾನ್ಯವಾಗಿ ಶೇ 2ರಿಂದ 4ರ ಒಳಗೇ ಓಡಾಡುತ್ತದೆ ಎಂದು ಹೆಂಡತಿಗೆ ಸಮಾಧಾನ ಹೇಳಿದೆ.

"ಎಫ್‌ಡಿಗೆ ಇದರ ಎರಡರಷ್ಟು ಬರುತ್ತಲ್ಲ ರೀ? ಮೇಲಾಗಿ ಎಫ್‌ಡಿಯಲ್ಲಿ ನಲ್ಲಿ ಸೋರೋದಿಲ್ಲ" ಎಂದಳು.

"ಮನೆಯ ಬೆಲೆ ಏರುತ್ತೆ ಕಣೇ."

"ಅದು ಕೈಗೆ ಬರೋದು ಯಾವಾಗ?"

"ಮಾರಿದಾಗ."

"ಮಾರೋದು ಯಾವಾಗ?"

"ಬೆಲೆ ಏರಿದಾಗ."

ಅವಳು ಅಡುಗೆಮನೆಗೆ ಹೋದಳು. ಅದನ್ನೇ ಒಪ್ಪಿಗೆ ಎಂದುಕೊಂಡೆ.

ಮನೆ ನೋಡಲು ನಾನು ಆರಿಸಿಕೊಂಡದ್ದು ಆಷಾಢ. ಶುಭಕಾರ್ಯ ಮಾಡದ ಮಾಸವಾದ್ದರಿಂದ ಬೇರೆ ಗಿರಾಕಿಗಳಿರುವುದಿಲ್ಲ, ಮಾರುವವರು ಚೌಕಾಸಿಗೆ ಬಗ್ಗುತ್ತಾರೆ. ಜೊತೆಗೆ ಧಾರವಾಡದ ಜಿಟಿಜಿಟಿ ಮಳೆ ಯಾವ ಎಂಜಿನಿಯರೂ ಕೊಡದ ವರದಿ ಕೊಡುತ್ತದೆ. ಯಾವ ಗೋಡೆ ಜಿನುಗುತ್ತದೆ, ಯಾವ ಮೂಲೆ ಬೂಸ್ಟು ಹಿಡಿಯುತ್ತದೆ ಎಲ್ಲ ಆಗಲೇ ಬಯಲಾಗಬೇಕು. ಒಂದು ಮನೆಯ ಪಡಸಾಲೆಯಲ್ಲಿ ಭೂಪಟದಂಥ ಹಸಿರು ಕಲೆಯತ್ತ ಬೆರಳು ಮಾಡಿದಾಗ ಏಜೆಂಟರು ಅಳುಕಲಿಲ್ಲ. "ಅದು ತಂಪಿಂದರೀ ಸರ. ಬೆಂಗಳೂರಾಗ ಎಸಿ ಹಾಕಿದ್ರೂ ಹಿಂತಾ ತಂಪು ಸಿಗಂಗಿಲ್ಲ" ಎಂದರು.

"ನೀರು?"

"ನೀರಿಂದೇನ ಚಿಂತಿ ಮಾಡಬ್ಯಾಡ್ರಿ."

"ಎಷ್ಟು ದಿನಕ್ಕೊಮ್ಮೆ ಬರುತ್ತೆ?"

"ಬಂದ ದಿನಾ ಭರ್ತಿ ಬರ್ತೈತ್ರಿ."

ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೇ 24 ಗಂಟೆ ನೀರಿನ ಯೋಜನೆ ಶುರುವಾಗಿತ್ತು. ಉಳಿದ ಎಷ್ಟೋ ಬಡಾವಣೆಗಳಿಗೆ ಮಲಪ್ರಭೆ ದರ್ಶನ ಕೊಡುವುದು ಹಲವು ದಿನಗಳಿಗೊಮ್ಮೆ. ಹೀಗಾಗಿ ಇಲ್ಲಿ ಮನೆ ನೋಡುವವರು ಮಾಸ್ಟರ್ ಬೆಡ್‌ರೂಮಿಗಿಂತ ಮೊದಲು ನೆಲದಡಿಯ ಸಂಪು ನೋಡಬೇಕು. ನಾನು ಟಾರ್ಚು ಬಿಟ್ಟು ನೋಡಿದೆ. ಚದರಡಿಯ ಲೆಕ್ಕವನ್ನೂ ಬಿಡಲಿಲ್ಲ. ಏಜೆಂಟರ 1,050 ಚದರಡಿ ನನ್ನ ಟೇಪಿಗೆ 780 ಆಯಿತು. ಉಳಿದದ್ದು ಲಿಫ್ಟು, ಮೆಟ್ಟಿಲು, ಗೇಟಿನ ವಾಚ್‌ಮನ್ ಕುರ್ಚಿಯ ಕೆಳಗಿನ ನೆಲದಲ್ಲಿ ನನ್ನ ಪಾಲು.

ಮನೆ ಒಪ್ಪಿದ ಮೇಲೆ ಕಾಗದಪತ್ರ. ವಕೀಲರು ಮೂವತ್ತು ವರ್ಷದ ಇ.ಸಿ., ಅಂದರೆ ಋಣಭಾರ ಪತ್ರ, ತೆಗೆಸಿ ಎಂದರು. ತೆಗೆಸಿ ಕಾದಂಬರಿಯಂತೆ ಓದಿದೆ. ಅಜ್ಜ ಕೊಂಡ, ಮಗ ಅಡವಿಟ್ಟ, ಮೊಮ್ಮಗ ಬಿಡಿಸಿದ. ನೋಂದಣಿಯಾದ ವ್ಯವಹಾರವೆಲ್ಲ ಅದರಲ್ಲಿ ಬರುತ್ತದೆ. ಬರದೇ ಇರುವುದು ಮನೆತನದ ಮನಸ್ತಾಪ. ಅದಕ್ಕೆ ವಂಶವೃಕ್ಷ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ನಮ್ಮ ರಾಜ್ಯ 1994ರಲ್ಲೇ ಆ ದಾರಿ ಹಿಡಿದಿತ್ತು. ಹಾಗಾಗಿ ಜಾಗದ ಹಿಂದಿನ ಮಾಲೀಕರ ಅಕ್ಕತಂಗಿಯರು ಯಾರು, ಎಲ್ಲಿಗೆ ಕೊಟ್ಟಿದ್ದಾರೆ, ಹಕ್ಕು ಬಿಟ್ಟು ಸಹಿ ಹಾಕಿದ್ದಾರೋ ಇಲ್ಲವೋ ಎಲ್ಲ ವಿಚಾರಿಸಿದೆ. ನನ್ನ ಮದುವೆಯ ಕಾಲಕ್ಕೂ ಹೆಣ್ಣಿನ ಕಡೆಯವರ ಬಗ್ಗೆ ಇಷ್ಟು ವಿಚಾರಿಸಿರಲಿಲ್ಲ ಎಂದು ಹೆಂಡತಿ ಹಂಗಿಸಿದಳು. 2024ರ ಅಕ್ಟೋಬರ್‌ನಿಂದ ನಗರಗಳಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲವಾದ್ದರಿಂದ ಅದಕ್ಕೂ ಕಾದದ್ದಾಯಿತು.

ನೋಂದಣಿಯ ದಿನ ಎಕ್ಸೆಲ್ ಹಾಳೆ ನಡುಗಿತು. ಮುದ್ರಾಂಕ ಶುಲ್ಕ ಶೇ 5, ಅದರ ಬೆನ್ನಿಗೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿತ್ತು. ಎಲ್ಲ ಸೇರಿ ಶೇ 7.6, ಅಂದರೆ ನನ್ನ ಪಾಲಿಗೆ 2.89 ಲಕ್ಷ. ಎರಡು ವರ್ಷದ ಬಾಡಿಗೆ ಪೂರ್ತಿ ಕೊಟ್ಟರೂ ಇದು ತೀರುವುದಿಲ್ಲ. ಹೆಬ್ಬೆಟ್ಟಿನ ಗುರುತು ಕೊಡುವಾಗ ನನ್ನ ಮೊದಲ ಬಾಡಿಗೆದಾರರು ಸರ್ಕಾರವನ್ನು ಸಾಕಲು ಬರುತ್ತಿದ್ದಾರೆ ಎನ್ನಿಸಿತು.

ಇನ್ನು ಬಾಡಿಗೆ ಕರಾರು. ಹನ್ನೊಂದು ತಿಂಗಳಿಗೇ ಏಕೆಂದರೆ, 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಗೇಣಿ ಪತ್ರವನ್ನು ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಲು ಇಡೀ ದೇಶ ವರ್ಷದಿಂದ ಒಂದು ತಿಂಗಳು ಕಿತ್ತಿಟ್ಟಿದೆ. ಬೆಂಗಳೂರಿನಲ್ಲಿ ನಾನು ಬಾಡಿಗೆದಾರನಾಗಿದ್ದಷ್ಟು ಕಾಲ, ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಷರತ್ತು ಹಾಕುವ ಮಾಲೀಕರನ್ನು ಮನಸಾರೆ ಶಪಿಸಿದ್ದೇನೆ. ಈಗ ಮೂರು ಪುಟದ ಕರಾರು ಸಿದ್ಧವಾದಾಗ ಅದೇ ಷರತ್ತು ಮೊದಲ ಪುಟದಲ್ಲೇ, ನನ್ನದೇ ಕೈಬರಹದಲ್ಲಿ ಕಂಡಿತು. ಮಾಲೀಕತನ ಮೈಗೆ ಹತ್ತಲು ಒಂದು ಬೀಗದ ಕೈ ಸಾಕು.

ಆ ಬೀಗದ ಕೈ ಇಟ್ಟುಕೊಳ್ಳುವವರು ಯಾರು? ಎಕ್ಸೆಲ್ ಹಾಳೆಯಲ್ಲಿ ಇದಕ್ಕೊಂದು ಕಾಲಂ ಇರಲಿಲ್ಲ. ಎದುರು ಮನೆಯ ಕಾಕೂ ತಾವಾಗಿ ಕೈ ಚಾಚಿದರು. "ಇಲ್ಲೆ ದೇವರ ಮನ್ಯಾಗ ಇಟ್ಟಿರ್ತೀನಿ, ಯಾರರೆ ನೋಡಲಿಕ್ಕೆ ಬಂದ್ರ ನಾ ತೋರಸ್ತೀನಿ." ಅಂದಿನಿಂದ ಮನೆ ನನ್ನ ಹೆಸರಿನಲ್ಲಿದೆ, ಆಡಳಿತ ಅವರ ಕೈಲಿದೆ.

ಮೊದಲು ಬಂದ ತರುಣನ ಸಂಬಳದ ಚೀಟಿ, ಆಧಾರ್, ಕಚೇರಿಯ ಪತ್ರ ಎಲ್ಲ ವಾಟ್ಸ್ಯಾಪಿನಲ್ಲಿ ತರಿಸಿ ನಾನು ಪಾಸು ಮಾಡಿದ್ದೆ. ಕಾಕೂ ಫೇಲು ಮಾಡಿದರು. "ಅವ ಬ್ಯಾಡ್ರಿ. ನಳಾ ಬಂದ ಮಾಡಲಾರದ ಹೋಗೂ ಪೈಕಿ ಇದ್ದಾನ."

"ನಿಮಗೆ ಹೇಗೆ ಗೊತ್ತಾಯಿತು ಕಾಕೂ?"

"ನಮ್ಮ ಮನ್ಯಾಗ ಕೈ ತೊಳಕೊಂಡ, ಹಂಗ ಬಿಟ್ಟ ಬಂದ."

ನೀರು ಎಣಿಸಿ ಬರುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಕೊನೆಗೆ ಅವರು ಆರಿಸಿದ ಬ್ಯಾಂಕ್ ನೌಕರರ ಸಂಸಾರ ಬಂತು.

ಒಂದು ರಾತ್ರಿ ಆ ಬ್ಯಾಂಕಿನವರ ಫೋನು. ನಲ್ಲಿ ಸೋರುತ್ತಿದೆ. ಹೆಂಡತಿ ತಲೆ ಎತ್ತಿ ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ. ಹೇಳುವುದನ್ನೆಲ್ಲ ಮೊದಲೇ ಹೇಳಿದ್ದಳಲ್ಲ. ವಿಡಿಯೋ ಕಾಲಿನಲ್ಲಿ ಪ್ಲಂಬರ್ ತೋರಿಸಿದ ನಲ್ಲಿಯಲ್ಲಿ ಮುಕ್ಕಾಲು ಪಾಲು ಅವನ ಹೆಬ್ಬೆರಳೇ ಇತ್ತು. ಆ ಹೆಬ್ಬೆರಳನ್ನೇ ಗಂಭೀರವಾಗಿ ಪರಿಶೀಲಿಸಿ, ಹೊಸ ನಲ್ಲಿಗೆ 900 ರೂಪಾಯಿ ಕಳಿಸಲು ಹೊರಟಿದ್ದೆ. ಅಷ್ಟರಲ್ಲಿ ಕಾಕೂ ಫೋನು ಕಸಿದುಕೊಂಡರು. "ನೀವೇನ ಅಲ್ಲಿಂದ ಕೈ ಚಾಚಿ ಬಂದ ಮಾಡ್ತೀರೇನು? ವಾಷರ್ ಹೋಗೇದ ಅಷ್ಟ. ಮಲಕೋರಿ." ವಾಷರ್ 20 ರೂಪಾಯಿ, ಕೈಗೂಲಿ ನೂರೈವತ್ತು.

ಆದಾಯ ತೆರಿಗೆಯವರು ಈ ವಿಷಯದಲ್ಲಿ ಉದಾರಿಗಳು. ಮನೆ ಕಂದಾಯ ಕಳೆದು ಉಳಿದ ಬಾಡಿಗೆಯಲ್ಲಿ ಶೇ 30ನ್ನು ರಿಪೇರಿ ಗಿಪೇರಿಗೆಂದು ಬಿಟ್ಟುಬಿಡುತ್ತಾರೆ. ರಸೀದಿ ಕೇಳುವುದಿಲ್ಲ, ರಿಪೇರಿ ಮಾಡಿಸಿದೆಯಾ ಎಂದೂ ಕೇಳುವುದಿಲ್ಲ. ಕಾಕೂ ಮಾತ್ರ ಕೇಳುತ್ತಾರೆ.

ಕರಾರು ನವೀಕರಿಸುವಾಗ ಬಾಡಿಗೆಯನ್ನು ಶೇ 5 ಏರಿಸಬೇಕೆಂದು ಹಾಳೆಯಲ್ಲಿ ಬರೆದಿಟ್ಟಿದ್ದೆ. "ಅವರ ಮನ್ಯಾಗ ಕೂಸು ಹುಟ್ಟೇದ, ಈ ವರ್ಷ ಏರಸೂದು ಬ್ಯಾಡ್ರಿ" ಎಂದು ತೀರ್ಪು ಬಂತು. ಅದಕ್ಕೆ ಮೇಲ್ಮನವಿ ಇಲ್ಲ, ಊರಲ್ಲಿ ಹೈಕೋರ್ಟ್ ಪೀಠವಿದ್ದರೂ. ಹಾಳೆಯ ಆ ಮನೆ ಹಾಗೇ ಖಾಲಿ ಉಳಿದಿದೆ. ಬ್ಯಾಂಕಿನವರು ಬಂದ ಮೇಲೆ ಧಾರವಾಡದ ಮನೆ ಒಂದು ದಿನವೂ ಖಾಲಿ ಉಳಿದಿಲ್ಲ. ಒಂದು ತಿಂಗಳು ಖಾಲಿ ಎಂದು ಕಳೆದಿಟ್ಟ 11,000ವೂ ನನಗೇ ಉಳಿಯಿತು. ಶೇ 5 ಏರಿಸಿದ್ದರೆ ಸಿಗುತ್ತಿದ್ದುದು 6,600. ಲೆಕ್ಕದಲ್ಲೂ ಕಾಕೂ ಗೆದ್ದರು.

ದೂರದೂರಿನಲ್ಲಿ ಬಾಡಿಗೆ ಮನೆ ಕೊಳ್ಳಲು ಹೊರಟವರಿಗೆ ನನ್ನದು ಇಷ್ಟೇ ಮಾತು. ಇ.ಸಿ. ತೆಗೆಸಿ, ವಕೀಲರಿಗೆ ತೋರಿಸಿ, ಆಷಾಢದಲ್ಲಿ ಗೋಡೆ ಮುಟ್ಟಿ ನೋಡಿ. ಇದೆಲ್ಲಕ್ಕೂ ಮೊದಲು ಎದುರು ಮನೆಯ ಬಾಗಿಲು ತಟ್ಟಿ ಒಂದು ಲೋಟ ನೀರು ಕೇಳಿ. ನೀರಿನ ಜೊತೆ ಓಣಿಯ ಸುದ್ದಿಯೂ ಬಂದರೆ ಮುಂಗಡ ಕೊಡಿ. ಬಾಗಿಲೇ ತೆರೆಯದಿದ್ದರೆ ದುಡ್ಡು ಎಫ್‌ಡಿಯಲ್ಲೇ ಇರಲಿ.