ಎದುರು ಕಂಪನಿಯ ಹುಡುಗಿ

ಜಿಗಣಿ, ಬೊಮ್ಮಸಂದ್ರದ ಕಡೆಗೆ ಹೋಗುವ ಕಂಪನಿ ಬಸ್ಸುಗಳಲ್ಲಿ ಇವನನ್ನು ಗುರುತಿಸುವುದು ಸುಲಭ. ಫೋನು ಬಂದ ಕೂಡಲೇ ಕಿಟಕಿಯ ಕಡೆ ತಿರುಗಿ 'ಹೇಳು ಗುರು' ಎನ್ನುತ್ತಾನೆ. ಆ ಕಡೆ ಇರುವಾಕೆ ಎರಡು ರಸ್ತೆಯಾಚೆ, ಇವನು ಮಾಡುವ ಮಾತ್ರೆಯನ್ನೇ ಮಾಡಲು ಹೊರಟಿರುವ ಕಂಪನಿಯ ಬಿಸಿನೆಸ್ ಮ್ಯಾನೇಜರ್. ಫೋನಿನಲ್ಲಿ ಅವಳ ಹೆಸರು 'ಗುರು ಪ್ಲಂಬರ್'. ದಿನಕ್ಕೆ ಆರು ಸಲ ನಲ್ಲಿ ಸೋರುವ ಮನೆ ಯಾವುದಪ್ಪಾ ಎಂದು ಪಕ್ಕದ ಸೀಟಿನವರಿಗೆ ಚಿಂತೆ.

ಔಷಧ ಕಂಪನಿಯ ಈ ವಿಜ್ಞಾನಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಲ್ಯಾಬ್ ನೋಟ್‌ಬುಕ್ಕಿನ ಪ್ರತಿ ಪುಟಕ್ಕೂ ತಾರೀಖು, ಸಹಿ, ಪಕ್ಕದಲ್ಲೊಬ್ಬ ಸಾಕ್ಷಿಯ ಸಹಿ. ಇಂಥವನು ಕದ್ದು ಪ್ರೀತಿಸಬೇಕು! ಅವಳು 'ಇವತ್ತು ಹೆಂಗಿತ್ತು?' ಎಂದರೆ 'ಇತ್ತು' ಎಂಬಲ್ಲಿಗೆ ಮುಗಿಸುತ್ತಾನೆ. ಮಾತ್ರೆ ಕರಗಬೇಕಾದಷ್ಟು ಹೊತ್ತಿಗೆ ಕರಗಲಿಲ್ಲ ಎಂದು ಗೋಳು ತೋಡಿಕೊಂಡರೆ, ಮಾರುಕಟ್ಟೆಗೆ ಬರುವುದು ತಡವಾಗುತ್ತದೆಂದು ಎದುರು ಕಂಪನಿಗೆ ತಿಳಿದಂತೆ. ಊಟದ ಮಾತು ನಿರಪಾಯವೆಂದುಕೊಂಡು ಒಮ್ಮೆ, 'ಈಗ ರಾತ್ರಿ ಪಾಳಿಗೂ ಕ್ಯಾಂಟೀನಲ್ಲಿ ಬಿಸಿಬೇಳೆ ಬಾತ್' ಎಂದುಬಿಟ್ಟ. ಮರುಕ್ಷಣವೇ ನಾಲಿಗೆ ಕಚ್ಚಿಕೊಂಡ. ರಾತ್ರಿಯೂ ಪ್ಲಾಂಟ್ ಓಡುತ್ತಿದೆ ಎಂದು ಹೇಳಿದಂತಾಯಿತಲ್ಲ!

ಇವನು ಬಾಯಿಬಿಡುವ ಕಾಲವೂ ಒಂದಿದೆ. ಪೇಟೆಂಟ್ ಅರ್ಜಿ ಸಾಮಾನ್ಯವಾಗಿ 18 ತಿಂಗಳು ಗುಟ್ಟಾಗಿರುತ್ತದೆ. ಆಮೇಲೆ ಶುಕ್ರವಾರ ಹೊರಬರುವ ಪೇಟೆಂಟ್ ಜರ್ನಲ್ಲಿನಲ್ಲಿ ಅಚ್ಚಾಗುತ್ತದೆ. ಒಂದೂವರೆ ವರ್ಷ ಹಿಡಿದಿಟ್ಟ ಮಾತನ್ನು ಆ ಶುಕ್ರವಾರ ಹೇಳೋಣವೆಂದು ಓಡಿದರೆ, ಅವಳು ಬೆಳಿಗ್ಗೆಯೇ ಓದಿ ಮುಗಿಸಿರುತ್ತಾಳೆ. ಅವಳ ಕೆಲಸವೇ ಅದು. ಮಂಜೂರಾಗುವ ಮೊದಲು ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಅವಳ ಕಂಪನಿ ಸಲ್ಲಿಸಿಯೂ ಸಲ್ಲಿಸಿತು: 'ಇದರಲ್ಲಿ ಹೊಸತನವೇನೂ ಇಲ್ಲ.' ಎಲ್ಲ ಪ್ರೇಮಿಗಳೂ ಎಂದಾದರೊಂದು ದಿನ ಕೇಳಬೇಕಾದ ಮಾತೇ ಇದು, ಆದರೆ ವಕೀಲರ ಮೂಲಕ ಕೇಳಿಸಿಕೊಂಡವರು ಕಡಿಮೆ.

2013ರಲ್ಲಿ ಸುಪ್ರೀಂ ಕೋರ್ಟು ನೊವಾರ್ಟಿಸ್‌ಗೆ ಕ್ಯಾನ್ಸರ್ ಔಷಧದ ಪೇಟೆಂಟ್ ನಿರಾಕರಿಸಿದ್ದು ಕಾಯ್ದೆಯ 3(ಡಿ) ಕಲಮನ್ನು ಹಿಡಿದು. ಅವಳಿಗೆ ಅದು ಕಂಠಪಾಠ. ಇವನು ಹೊಸ ಶರ್ಟು ತೊಟ್ಟು ಬಂದರೆ, 'ಗೊತ್ತಿರೋ ಪದಾರ್ಥದ್ದ ಹೊಸ ರೂಪ. ಪರಿಣಾಮ ಏನೂ ಹೆಚ್ಚಾಗಿಲ್ಲ' ಎಂದು ಧಾರವಾಡದ ಧಾಟಿಯಲ್ಲಿ ತೀರ್ಪು ಕೊಡುತ್ತಾಳೆ.

ಇವನೂ ಕಾನೂನು ಓದಿಕೊಂಡಿದ್ದಾನೆ, ಧೈರ್ಯಕ್ಕೆ. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಕೆಲಸ ಬಿಟ್ಟವನು ಪ್ರತಿಸ್ಪರ್ಧಿ ಕಂಪನಿ ಸೇರಬಾರದೆಂಬ ಷರತ್ತು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಅಂದರೆ ಎದುರು ಕಂಪನಿಗೇ ಹೋಗಿ ಸೇರಬಹುದು. ಇಲ್ಲೇ ಇದ್ದು ಅಲ್ಲಿಯವಳ ಜೊತೆ ಕಾಫಿ ಕುಡಿಯುವುದೇ ಕಷ್ಟ. ಐಬಿಎಂ ಕಥೆ ಅವನಿಗೆ ಇನ್ನೂ ಇಷ್ಟ. 1979ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮ್ಯಾನೇಜರಮ್ಮ ಒಬ್ಬರು, ಪ್ರತಿಸ್ಪರ್ಧಿ ಕಂಪನಿಯವನ ಜೊತೆ ಓಡಾಡುತ್ತಾರೆಂದು ಐಬಿಎಂನಲ್ಲಿ ಕೆಲಸ ಕಳೆದುಕೊಂಡರು. ಕೋರ್ಟಿಗೆ ಹೋಗಿ 3 ಲಕ್ಷ ಡಾಲರ್ ಗೆದ್ದರು. 1984ರಲ್ಲಿ ಮೇಲ್ಮನವಿಯಲ್ಲೂ ಐಬಿಎಂ ಸೋತಿತು. ಇದನ್ನು ಹೇಳುವಾಗಲೂ ಅವನ ದನಿ ಮಾತ್ರ ಪ್ಲಂಬರ್‌ಗೆ ಫೋನು ಮಾಡಿದಷ್ಟೇ ಮೆಲ್ಲಗೆ.

ಇಬ್ಬರ ಜಾತಿ ಬೇರೆ. ಮದುವೆಗೆ ಈಗ ಹಿಡಿದಿರುವುದು 1954ರ ವಿಶೇಷ ವಿವಾಹ ಕಾಯ್ದೆಯ ದಾರಿ. ನೋಟಿಸು ಬೋರ್ಡಿಗೆ ಬೀಳುತ್ತದೆ, 30 ದಿನದೊಳಗೆ ಆಕ್ಷೇಪಣೆಗೆ ಅವಕಾಶ. ಸೋದರಮಾವ ಬಂದರೆ ನಿಭಾಯಿಸಬಹುದು, ಎಚ್‌ಆರ್‌ನವರು ಓದಿದರೆ ಗತಿಯೇನೆಂದು ಇವನಿಗೆ ನಿದ್ದೆಯಿಲ್ಲ.

'ಮೂವತ್ತ ದಿನ ಅಲ್ಲೇನು?' ಎನ್ನುತ್ತಾಳೆ ಅವಳು. 'ನಿನ್ನ ಪೇಟೆಂಟಿಗೆ ನಾವು ಎರಡು ವರ್ಷದಿಂದ ತಕರಾರು ತಗದೀವಿ. ಸುಮ್ಮನ ಊಟಾ ಮಾಡು.'