ಕಡ್ಡಾಯ ಯಾರಿಗೆ, ಐಚ್ಛಿಕ ಯಾರಿಗೆ: ಪ್ಯಾರಿಸ್‌ಗೊಂದು ಬಹಿರಂಗ ಮನವಿ

ಇವರಿಗೆ,
ತೆರಿಗೆ ವಿಭಾಗದ ಮಾನ್ಯ ಅಧಿಕಾರಿಗಳು,
ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ, ಅರ್ಥಾತ್ ಒಇಸಿಡಿ,
ಪ್ಯಾರಿಸ್.

ವಿಷಯ: ಜಾಗತಿಕ ಕನಿಷ್ಠ ತೆರಿಗೆ ಕಡ್ಡಾಯವೆಂದು ನಂಬಿ ಅದನ್ನು ಜಾರಿಗೆ ತಂದ ಸಣ್ಣ ದ್ವೀಪಗಳಿಗೆ ಆಗಿರುವ ಮುಜುಗರದ ಕುರಿತು.

ಉಲ್ಲೇಖ: 1. 2021ರ ಅಕ್ಟೋಬರ್ 8ರ ಜಾಗತಿಕ ಒಪ್ಪಂದ. 2. 2025ರ ಜೂನ್ 28ರ ಜಿ-7 ಹೇಳಿಕೆ. ಎರಡನೆಯದನ್ನು ಓದಿದವರು ಮೊದಲನೆಯದನ್ನು ಓದುವ ಶ್ರಮ ತೆಗೆದುಕೊಳ್ಳಬೇಕಿಲ್ಲ.

ಮಾನ್ಯರೇ,

ಕಂಪನಿ ತೆರಿಗೆಯನ್ನು ಇಳಿಸುತ್ತಾ ಹೋಗಿ ಪರದೇಶದ ಲಾಭವನ್ನು ತಮ್ಮತ್ತ ಸೆಳೆಯುವ ಪೈಪೋಟಿಗೆ ಕಡಿವಾಣ ಹಾಕಲೆಂದು ಒಇಸಿಡಿ ಮತ್ತು ಜಿ-20 ಕೂಟ ರೂಪಿಸಿದ ಜಾಗತಿಕ ಕನಿಷ್ಠ ಕಾರ್ಪೊರೇಟ್ ತೆರಿಗೆಯು, ವರ್ಷಕ್ಕೆ 75 ಕೋಟಿ ಯೂರೋ ಅಥವಾ ಅದಕ್ಕಿಂತ ಹೆಚ್ಚು ವರಮಾನವುಳ್ಳ ಬಹುರಾಷ್ಟ್ರೀಯ ಸಮೂಹವು ಯಾವ ನೆಲದಲ್ಲಿ ಲಾಭ ತೋರಿಸಿದರೂ ಅದರ ಮೇಲೆ ಕನಿಷ್ಠ ಶೇ 15ರಷ್ಟು ತೆರಿಗೆ ಬೀಳಲೇಬೇಕೆಂದು ಹೇಳುತ್ತದೆ. 2021ರಲ್ಲಿ 136 ದೇಶ ಮತ್ತು ಪ್ರದೇಶಗಳು ಇದಕ್ಕೆ ತಲೆಯಾಡಿಸಿದಾಗ ಆ ಪಟ್ಟಿಯಲ್ಲಿ ಬರ್ಮುಡಾ, ಬಹಾಮಾಸ್, ಬಾರ್ಬಡೋಸ್, ಜರ್ಸಿಯಂಥ ದ್ವೀಪಗಳೂ ಇದ್ದವು. ಒಪ್ಪದೆ ಉಳಿದರೆ ಇನ್ನಾವುದಾದರೂ ಕಪ್ಪುಪಟ್ಟಿಯಲ್ಲಿ ಹೆಸರು ಕಾಣಿಸಿಕೊಂಡೀತೆಂಬ ಭಯ ಅವುಗಳ ಒಪ್ಪಿಗೆಯನ್ನು ಎಷ್ಟು ಸುಲಭಗೊಳಿಸಿತೆಂಬುದನ್ನು, ಅಂತಾರಾಷ್ಟ್ರೀಯ ಸಂಸ್ಥೆಯ ನೌಕರರೆಂಬ ಕಾರಣಕ್ಕೆ ತಮ್ಮ ಸಂಬಳದ ಮೇಲೆ ಫ್ರಾನ್ಸಿಗೆ ಆದಾಯ ತೆರಿಗೆ ಕಟ್ಟಬೇಕಿಲ್ಲದ ಮಾನ್ಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಿಯಮದ ಜಾಣತನವೆಲ್ಲ ಅದರ ವಸೂಲಿಯ ಕ್ರಮದಲ್ಲಿದೆ. ದ್ವೀಪದಲ್ಲಿರುವ ಅಂಗಸಂಸ್ಥೆಯೊಂದು 100 ಕೋಟಿ ಲಾಭ ತೋರಿಸಿ ಅಲ್ಲಿ ಚಿಕ್ಕಾಸೂ ತೆರಿಗೆ ಕಟ್ಟದಿದ್ದರೆ, ಕೊರತೆ ಬಿದ್ದ ಸುಮಾರು 15 ಕೋಟಿಯನ್ನು ಮಾತೃ ಕಂಪನಿ ಇರುವ ದೇಶ ತಾನೇ ವಸೂಲಿ ಮಾಡಬಹುದು. ಇದಕ್ಕೆ ಟಾಪ್-ಅಪ್ ತೆರಿಗೆ, ಎಂದರೆ ಕೊರತೆ ತುಂಬುವ ತೆರಿಗೆ ಎಂದು ಹೆಸರು. ಆ ದೇಶ ಸುಮ್ಮನಿದ್ದರೆ ಅದೇ ಸಮೂಹ ವ್ಯವಹಾರ ನಡೆಸುವ ಇತರ ದೇಶಗಳು ಆ ಮೊತ್ತವನ್ನು ಹಂಚಿಕೊಳ್ಳಬಹುದು. ಆದರೆ ದ್ವೀಪವೇ ಮುಂದಾಗಿ ದೇಶೀಯ ಟಾಪ್-ಅಪ್ ತೆರಿಗೆಯನ್ನು ವಿಧಿಸಿದರೆ ಮೊದಲ ಹಕ್ಕು ಅದರದಾಗುತ್ತದೆ. ಹೇಗೂ ಕಂಪನಿಯ ಕೈಬಿಡುವ ಹಣ ಪರರ ಬೊಕ್ಕಸಕ್ಕೆ ಹೋಗುವ ಬದಲು ತನ್ನ ಬೊಕ್ಕಸಕ್ಕೇ ಬರಲಿ ಎಂದು ದ್ವೀಪ ಲೆಕ್ಕ ಹಾಕುವುದು ಸಹಜ. ಆ ಲೆಕ್ಕ ಕೂಡಿಬರಬೇಕಾದರೆ ಉಳಿದವರೂ ನಿಯಮ ಪಾಲಿಸಬೇಕೆಂಬ ಒಂದೇ ಒಂದು ಷರತ್ತು ಈಡೇರಬೇಕು.

ಆ ಷರತ್ತನ್ನು ನಂಬಿ ಬರ್ಮುಡಾ ತಾನು ಬರೆದುಕೊಟ್ಟ ಮಾತನ್ನೇ ಮುರಿಯಿತು. ಸುಮಾರು 64 ಸಾವಿರ ಜನರಿರುವ, 53 ಚದರ ಕಿಲೋಮೀಟರ್ ವಿಸ್ತಾರದ ಈ ದ್ವೀಪದಲ್ಲಿ ನದಿಗಳಿಲ್ಲ. ಸುಣ್ಣ ಬಳಿದ, ಮೆಟ್ಟಿಲು ಮೆಟ್ಟಿಲಾದ ಮಾಡುಗಳಿಂದ ಇಳಿಯುವ ಮಳೆನೀರನ್ನು ಮನೆಮನೆಯೂ ನೆಲದಡಿಯ ತೊಟ್ಟಿಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ತಿನ್ನುವ ಆಹಾರದ ಬಹುಪಾಲು ಹಡಗಿನಲ್ಲಿ ಬರುತ್ತದೆ, ಆಮದು ಸುಂಕ ಮತ್ತು ಸಂಬಳದ ಮೇಲಿನ ತೆರಿಗೆ ಬಹುಕಾಲ ಸರ್ಕಾರವನ್ನು ಸಾಕಿದವು. ತೆರಿಗೆ ಸ್ವರ್ಗವೆಂದು ಜಗತ್ತು ಕರೆಯುವ ಈ ಊರಿನಲ್ಲಿ ಅಂಗಡಿಯ ಸಾಮಾನು ಕೊಳ್ಳುವ ಶಾಲಾ ಶಿಕ್ಷಕಿ ತನ್ನ ಪಾಲಿನ ತೆರಿಗೆಯನ್ನು ಬೆಲೆಯೊಳಗೇ ಕಟ್ಟುತ್ತಿದ್ದಾಗ, ಗೂಗಲ್ 2017ರ ಒಂದೇ ವರ್ಷದಲ್ಲಿ ನೆದರ್ಲೆಂಡ್ಸ್‌ನ ಕಾಗದದ ಕಂಪನಿಯೊಂದರ ಮೂಲಕ 1,990 ಕೋಟಿ ಯೂರೋಗಳನ್ನು ಇದೇ ದ್ವೀಪಕ್ಕೆ ದಾಟಿಸಿತ್ತು. ಹೀಗೆ ಬರುವ ಕಂಪನಿಗಳಿಗೆ 1966ರ ಕಾಯ್ದೆಯೊಂದರ ಅಡಿಯಲ್ಲಿ, 2035ರ ಮಾರ್ಚ್ 31ರವರೆಗೆ ಲಾಭದ ಮೇಲೆ ತೆರಿಗೆ ಹಾಕುವುದಿಲ್ಲವೆಂಬ ಭರವಸೆ ಪತ್ರಗಳನ್ನು ಬರ್ಮುಡಾ ಬರೆದುಕೊಟ್ಟಿತ್ತು. 2023ರ ಡಿಸೆಂಬರ್‌ನಲ್ಲಿ ಅದರ ಶಾಸನಸಭೆ ಆ ಪತ್ರಗಳನ್ನು ಬದಿಗೆ ಸರಿಸಿ ಶೇ 15ರ ಕಾನೂನು ಮಾಡಿತು, 2025ರ ಜನವರಿ 1ರಿಂದ ಅದು ಜಾರಿಗೂ ಬಂದಿತು.

ಬಾರ್ಬಡೋಸ್‌ನ ಪಾಡು ಇನ್ನೂ ಸೊಗಸಾದುದು. ಪರದೇಶದ ಕಂಪನಿಗೊಂದು ದರ, ಸ್ಥಳೀಯ ಕಂಪನಿಗೊಂದು ದರ ಇರಕೂಡದೆಂದು ಒಇಸಿಡಿ ಪಟ್ಟು ಹಿಡಿದಾಗ, ಹೊರಗಿನವರ ದರವನ್ನು ಏರಿಸಿದರೆ ಅವರು ಗಂಟುಮೂಟೆ ಕಟ್ಟಿಯಾರೆಂದು ಹೆದರಿದ ಬಾರ್ಬಡೋಸ್, 2019ರಲ್ಲಿ ಊರವರ ದರವನ್ನೇ ಶೇ 5.5ರಿಂದ ಶೇ 1ರವರೆಗಿನ ಶ್ರೇಣಿಗೆ ಇಳಿಸಿ ಸಮಾನತೆ ಸಾಧಿಸಿತು. ಆ ಆದೇಶದ ಶಾಯಿ ಆರುವುದರೊಳಗೆ ಹೊಸ ಆದೇಶ ಬಂದು, 2024ರಲ್ಲಿ ದರವನ್ನು ಶೇ 9ಕ್ಕೆ ಏರಿಸಿ, ದೊಡ್ಡ ಸಮೂಹಗಳಿಗೆ ಶೇ 15ರವರೆಗಿನ ಟಾಪ್-ಅಪ್ ಸೇರಿಸಬೇಕಾಯಿತು. ಐದು ವರ್ಷದಲ್ಲಿ ಎರಡು ಬಾರಿ ತೆರಿಗೆ ಕಾನೂನನ್ನು ಬುಡಮೇಲು ಮಾಡಿದ ಈ ದ್ವೀಪದ ಅಧಿಕಾರಿಗಳ ಸಂಬಳಕ್ಕೆ ತೆರಿಗೆ ವಿನಾಯಿತಿ ಇಲ್ಲವೆಂಬುದನ್ನೂ ಸಾಂದರ್ಭಿಕವಾಗಿ ನೆನಪಿಸಬಹುದು.

ದ್ವೀಪಗಳು ಮುಗ್ಧವೆಂದು ವಾದಿಸುವುದು ಈ ಪತ್ರದ ಉದ್ದೇಶವಲ್ಲ. ಕೇಮನ್ ದ್ವೀಪದ ಜಾರ್ಜ್ ಟೌನ್‌ನಲ್ಲಿರುವ ಅಗ್ಲಂಡ್ ಹೌಸ್ ಎಂಬ ಐದಂತಸ್ತಿನ ಕಟ್ಟಡವನ್ನು 18,857 ಸಂಸ್ಥೆಗಳು ವಿಳಾಸ ಮಾಡಿಕೊಂಡಿದ್ದುದನ್ನು 2008ರಲ್ಲಿ ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧಕರೇ ದಾಖಲಿಸಿದರು. ಆಫ್ರಿಕಾದ ಗಣಿಯಲ್ಲೋ ಏಷ್ಯಾದ ಕಾರ್ಖಾನೆಯಲ್ಲೋ ದುಡಿದು ಬಂದ ಲಾಭ ಇಂಥ ವಿಳಾಸಗಳಲ್ಲಿ ಮಾಯವಾದಾಗ ಬಡದೇಶಗಳ ಆಸ್ಪತ್ರೆಗಳೇ ಬಡವಾದವು. ಆದರೆ ಅದೇ ಅಮೆರಿಕದ ಡೆಲವೇರ್ ರಾಜ್ಯದ ವಿಲ್ಮಿಂಗ್ಟನ್ ನಗರದ ಒಂದಂತಸ್ತಿನ ಕಟ್ಟಡವೊಂದರಲ್ಲಿ 2.85 ಲಕ್ಷ ಕಂಪನಿಗಳು ನೋಂದಾಯಿತವಾಗಿದ್ದುದು 2012ರಲ್ಲಿ ವರದಿಯಾದಾಗ ಅದು ಯಾವ ಕಪ್ಪುಪಟ್ಟಿಗೂ ಸೇರಲಿಲ್ಲ. ಒಇಸಿಡಿ 2000ದ ಜೂನ್‌ನಲ್ಲಿ ಪ್ರಕಟಿಸಿದ ತೆರಿಗೆ ಸ್ವರ್ಗಗಳ ಪಟ್ಟಿಯಲ್ಲಿದ್ದ 35 ಹೆಸರುಗಳಲ್ಲಿ ನಾವುರು, ನಿಯೂ, ಟೊಂಗಾಗಳಿದ್ದವು; ಸಂಘಟನೆಯ ಸದಸ್ಯರಾದ ಸ್ವಿಟ್ಜರ್ಲೆಂಡ್ ಆಗಲಿ ಲಕ್ಸೆಂಬರ್ಗ್ ಆಗಲಿ ಇರಲಿಲ್ಲ. ನಿಜವಾದ ನೌಕರರು ಮತ್ತು ಯಂತ್ರಗಳಿದ್ದಲ್ಲಿ ಲಾಭದ ಒಂದು ಪಾಲಿಗೆ ಟಾಪ್-ಅಪ್‌ನಿಂದ ವಿನಾಯಿತಿ ಕೊಡುವ ಈಗಿನ ನಿಯಮವೂ ಕಾರ್ಖಾನೆ ಕಟ್ಟಲು ಜಾಗವಿರುವ ದೊಡ್ಡ ದೇಶಗಳಿಗೇ ಒಗ್ಗುತ್ತದೆ.

ಇವೆಲ್ಲವನ್ನೂ ಹಳೆಯ ಕಥೆಯೆಂದು ನುಂಗಿಕೊಳ್ಳಬಹುದಿತ್ತು. ನುಂಗಲಾಗದಿರುವುದು 2025ರ ಕಥೆ. ಬರ್ಮುಡಾದಲ್ಲಿ ಶೇ 15ರ ಕಾನೂನು ಜಾರಿಗೆ ಬಂದು ಹತ್ತೊಂಬತ್ತು ದಿನ ಕಳೆದ ಮೇಲೆ, ಜನವರಿ 20ರಂದು, ಅಧಿಕಾರ ವಹಿಸಿಕೊಂಡ ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್, ಈ ಜಾಗತಿಕ ಒಪ್ಪಂದಕ್ಕೆ ತಮ್ಮ ದೇಶದಲ್ಲಿ ಯಾವ ಬಲವೂ ಇಲ್ಲವೆಂದು ಆದೇಶ ಹೊರಡಿಸಿದರು. 2021ರಲ್ಲಿ ಶೇ 15ರ ದರವನ್ನು ಮುಂದಿಟ್ಟು ಜಗತ್ತನ್ನು ಒಪ್ಪಿಸಿದ್ದೂ ಇದೇ ದೇಶದ ಖಜಾನೆ ಇಲಾಖೆ. ಅಮೆರಿಕದ ಕಂಪನಿಗಳ ಮೇಲೆ ಟಾಪ್-ಅಪ್ ಹಾಕುವ ದೇಶಗಳಿಗೆ ಪ್ರತೀಕಾರದ ತೆರಿಗೆ ವಿಧಿಸುವ ಮಸೂದೆಯೊಂದು ಅಲ್ಲಿನ ಸಂಸತ್ತಿನಲ್ಲಿ ಕಾಣಿಸಿಕೊಂಡದ್ದೇ ತಡ, ಜೂನ್ ಮುಗಿಯುವುದರೊಳಗೆ ಜಿ-7 ದೇಶಗಳು ಅಮೆರಿಕದ ಮಾತೃ ಕಂಪನಿಗಳ ಸಮೂಹಗಳನ್ನು ಇತರ ದೇಶಗಳ ಟಾಪ್-ಅಪ್ ವಸೂಲಿಯಿಂದ ಹೊರಗಿಡಲು ಒಪ್ಪಿದವು. 2026ರ ಜನವರಿಯಲ್ಲಿ ಒಪ್ಪಂದಕ್ಕೆಂದು ಒಇಸಿಡಿ ಕಟ್ಟಿದ ದೇಶಗಳ ಕೂಟವೂ ಅದಕ್ಕೆ ಮುದ್ರೆ ಒತ್ತಿತು. ಊರಿಗೆಲ್ಲ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಎಂಬ ಗಾದೆಯಲ್ಲಿ ಎಡವಟ್ಟನ ದಾರಿಯನ್ನು ಊರೇ ಸೇರಿ ಹಾಕಿಕೊಟ್ಟ ಪ್ರಸ್ತಾಪವಿಲ್ಲ. ಒಇಸಿಡಿ ಆ ಕೊರತೆಯನ್ನೂ ತುಂಬಿದೆ.

ಅಮೆರಿಕಕ್ಕೆ ತನ್ನದೇ ಕನಿಷ್ಠ ತೆರಿಗೆಯಿದೆ, ಆದ್ದರಿಂದ ಎರಡು ವ್ಯವಸ್ಥೆಗಳು ಅಕ್ಕಪಕ್ಕ ಬಾಳಬಹುದೆಂಬ ಸಮಾಧಾನವನ್ನು ಮಾನ್ಯರು ಹೇಳಬಹುದು. ಆದರೆ ಆ ತೆರಿಗೆ ಒಂದು ಸಮೂಹದ ಎಲ್ಲ ವಿದೇಶಿ ಲಾಭವನ್ನೂ ಒಟ್ಟು ಸೇರಿಸಿ ಲೆಕ್ಕ ಹಾಕುವುದರಿಂದ, ಹೆಚ್ಚು ತೆರಿಗೆಯ ದೇಶದಲ್ಲಿ ಕಟ್ಟಿದ್ದನ್ನು ಶೂನ್ಯ ತೆರಿಗೆಯ ದ್ವೀಪದಲ್ಲಿ ಉಳಿಸಿದ್ದರೊಂದಿಗೆ ಸರಿದೂಗಿಸಲು ಕಂಪನಿಗೆ ಅವಕಾಶವಿದೆ. ಪರಿಣಾಮವನ್ನು ಸರಳವಾಗಿ ಹೇಳುವುದಾದರೆ, ದ್ವೀಪದ ಸ್ವಂತ ತೆರಿಗೆಗೆ ಈ ವಿನಾಯಿತಿ ಅನ್ವಯಿಸದ ಕಾರಣ, ಮಾತು ಕೇಳಿ ಕಾನೂನು ಮಾಡಿದ ಬರ್ಮುಡಾದಲ್ಲಿ ಲಾಭ ಇಟ್ಟ ಅಮೆರಿಕದ ದೊಡ್ಡ ಸಮೂಹ ಶೇ 15 ಕಟ್ಟಬೇಕು. ಅಂಥ ಕಾನೂನನ್ನೇ ಮಾಡದ ದ್ವೀಪಕ್ಕೆ ಆ ಲಾಭವನ್ನು ದಾಟಿಸಿದರೆ ಕೊರತೆ ತುಂಬಿಸಿಕೊಳ್ಳಲು ಯುರೋಪಿನ ಯಾವ ದೇಶವೂ ಬರುವುದಿಲ್ಲ. ಹೇಳಿದಂತೆ ಕೇಳಿದವನಿಗೆ ದಂಡ, ಕೇಳದವನಿಗೆ ಗಿರಾಕಿ. ಇದು ನೀತಿಯಲ್ಲ, ಶುದ್ಧ ವಂಚನೆ. ತೆರಿಗೆಯಿಲ್ಲದ ಸಂಬಳ ಪಡೆದು ಕಾಲು ಶತಮಾನ ತೆರಿಗೆಯ ಉಪದೇಶ ಮಾಡಿದವರಿಂದ ಇಷ್ಟು ನಾಚಿಕೆಗೇಡನ್ನು ಯಾರೂ ನಿರೀಕ್ಷಿಸಿರಲಿಲ್ಲ.

ಗಾತ್ರವೇ ಕಾನೂನೆಂಬುದಕ್ಕೆ ಹಿಂದೂ ಮಹಾಸಾಗರವೂ ಸಾಕ್ಷಿ ನುಡಿಯುತ್ತದೆ. 1982ರ ತೆರಿಗೆ ಒಪ್ಪಂದದ ಆಸರೆಯಲ್ಲಿ ಭಾರತಕ್ಕೆ ಹರಿದುಬಂದ ವಿದೇಶಿ ಬಂಡವಾಳಕ್ಕೆ ದಶಕಗಳ ಕಾಲ ಹೆಬ್ಬಾಗಿಲಾಗಿದ್ದ ಮಾರಿಷಸ್, 2016ರ ತಿದ್ದುಪಡಿಯಲ್ಲಿ ಆ ಆಸರೆಯನ್ನು ಬಹುಮಟ್ಟಿಗೆ ಕಳೆದುಕೊಂಡಿತು; 2025ರಲ್ಲಿ ದೇಶೀಯ ಟಾಪ್-ಅಪ್ ತೆರಿಗೆಯನ್ನೂ ತಂದುಕೊಂಡಿತು. 2021ರ ಜಾಗತಿಕ ಒಪ್ಪಂದಕ್ಕೆ ತಾನೂ ತಲೆಯಾಡಿಸಿದ ಭಾರತ 2025ರ ಬಜೆಟ್‌ವರೆಗೂ ಕಾನೂನು ಮಾಡದೆ ಕಾದು ನೋಡಿತು, ಅದಕ್ಕಾಗಿ ಅದನ್ನು ಯಾರೂ ಗದರಿಸಲಿಲ್ಲ. ಕಾದು ನೋಡುವ ಸ್ವಾತಂತ್ರ್ಯಕ್ಕೂ ಒಂದು ಕನಿಷ್ಠ ಜನಸಂಖ್ಯೆ ನಿಗದಿಯಾಗಿರುವಂತೆ ತೋರುತ್ತದೆ.

ಆದಕಾರಣ, ಮುಂದೆ ಯಾವುದೇ ಜಾಗತಿಕ ತೆರಿಗೆ ಒಪ್ಪಂದ ರೂಪುಗೊಂಡರೆ ಅದು ಮೊದಲು ಅತಿ ದೊಡ್ಡ ಆರ್ಥಿಕತೆಗಳಲ್ಲಿ ಕಾನೂನಾಗಿ ಜಾರಿಗೆ ಬಂದು, ಕನಿಷ್ಠ ಒಂದು ಚುನಾವಣೆಯನ್ನಾದರೂ ದಾಟಿ ಉಳಿದ ಮೇಲೆಯೇ ಸಣ್ಣ ದ್ವೀಪಗಳ ಸಹಿ ಕೇಳಬೇಕೆಂದೂ, ಅಲ್ಲಿಯವರೆಗೆ ಪಟ್ಟಿಗಳ ಬೆದರಿಕೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕೆಂದೂ ಕೋರಲಾಗಿದೆ.

ಇತಿ,
ಒಪ್ಪಂದದ ಎರಡೂ ಆವೃತ್ತಿಗಳನ್ನು ಓದಿ ದಣಿದ ಓದುಗ ವರ್ಗ

ಪ್ರತಿ:
1. ಬರ್ಮುಡಾ ಸರ್ಕಾರಕ್ಕೆ: ಕಡ್ಡಾಯ ಪಾಲನೆಗಾಗಿ.
2. ಬಾರ್ಬಡೋಸ್ ಸರ್ಕಾರಕ್ಕೆ: ಕಡ್ಡಾಯ ಪಾಲನೆಗಾಗಿ, ಮುಂದಿನ ತಿದ್ದುಪಡಿ ಪ್ರತ್ಯೇಕವಾಗಿ ತಲುಪಲಿದೆ.
3. ಅಮೆರಿಕದ ಖಜಾನೆ ಇಲಾಖೆಗೆ: ಮಾಹಿತಿಗಾಗಿ ಮಾತ್ರ, ಓದುವುದೂ ಐಚ್ಛಿಕ.